ಶಿವರಾತ್ರಿಯ ದಿನದ ಅಳತೆ

ಹುಣಸಿದಿನ್ನಿ
೩ ಆಗಸ್ಟ್ ೨೦೨೫

ಪ್ರಿಯಾ,

ಮಳೆ ಹಿಡಿದಿದೆ, ಹೊರಗೆ ಕಾಲಿಡುವಂತಿಲ್ಲ, ಹಾಗಾಗಿ ನಿನ್ನ ನೆನಪಾಯಿತು. ಸಿಟ್ಟಾಗಬೇಡ, ಬಿಸಿಲಿದ್ದಾಗಲೂ ನೆನಪಾಗುತ್ತದೆ. 'ತಮ್ಮ ಒಂದು ಫೋನು ಮಾಡಬಾರದೇ' ಎಂದು ಸುಂದರಕ್ಕ ಗೊಣಗುತ್ತಾಳೆಂದು ಹೋದ ಸಲ ನೀನು ಬರೆದಿದ್ದೆ. ನಿನ್ನ ಅವ್ವನಿಗೆ ತಿಳಿಸಿ ಹೇಳು, ಟರ್ಬೈನ್ ಪಕ್ಕದಲ್ಲಿ ಮೂವತ್ತೊಂದು ವರ್ಷ ನಿಂತವನ ಎರಡೂ ಕಿವಿ ಕಂಪನಿಗೆ ಅರ್ಪಣೆಯಾಗಿವೆ. ನನ್ನ ಬಟನ್ ಫೋನು ಈಗ ಕತ್ತಲಲ್ಲಿ ಚಪ್ಪಲಿ ಹುಡುಕುವುದಕ್ಕಷ್ಟೇ.

ನಿನ್ನ ಅಂಬು ಮಾಮಿಯ ಕೆಮ್ಮು ಇನ್ನೂ ಹೋಗಿಲ್ಲ. ಮಹಬೂಬನಗರದ ಎದೆ ಡಾಕ್ಟರಿಗೆ ತೋರಿಸಿದೆ. 'ಮನ್ಯಾಗ ಕಟಗಿ ಒಲಿ ಹಚ್ಚತೀರೇನು?' ಎಂದು ಕೇಳಿದರಂತೆ. ಇಪ್ಪತ್ತು ವರ್ಷದಿಂದ ಗ್ಯಾಸ್ ಎಂದಳು. ಬೀಡಿ ಸೇದುವವರಿದ್ದಾರೆಯೇ ಎಂದರಂತೆ. ನಮ್ಮ ಮನೆಯಲ್ಲಿ ಅಗರಬತ್ತಿಯ ಹೊಗೆ ಬಿಟ್ಟರೆ ಬೇರೆ ಹೊಗೆಯಿಲ್ಲ. ಡಾಕ್ಟರು ಏನೋ ಬರೆದುಕೊಂಡರು, ಬಾಯಿಗೆ ಹಿಡಿಯುವ ಪಂಪು ಕೊಟ್ಟು ಕಳಿಸಿದರು.

ಈಗ ಅಸಲಿ ವಿಷಯ. ನಮ್ಮ ಕರೆಂಟು ಪ್ಲಾಂಟಿನ ಗೇಟಿನ ಹತ್ತಿರ ಮಿರ್ಚಿ ಬಜ್ಜಿ ಗಾಡಿ ಇಟ್ಟುಕೊಂಡಿರುವ ಯಂಕಮ್ಮನನ್ನು ನೀನು ನೋಡಿದ್ದೀಯ. ಅವಳು ಕಾಲೋನಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಮಾಲಿನ್ಯ ಮಂಡಳಿಗೆ ಅರ್ಜಿ ಹಾಕಲು ಹೊರಟಿದ್ದಾಳೆ. ಒಣಹಾಕಿದ ಬಟ್ಟೆಯ ಮೇಲೆ ಬೂದಿ ಬೀಳುತ್ತದಂತೆ, ಮಕ್ಕಳಿಗೆ ಉಬ್ಬಸವಂತೆ. ಹೋದ ಭಾನುವಾರದ ಸಭೆಯಲ್ಲಿ ನನ್ನ ಸಹಿಯನ್ನೂ ಕೇಳಿದರು. ನಾನು ಎದ್ದು ನಿಂತು ಚೆನ್ನಾಗಿ ಝಾಡಿಸಿದೆ. 'ಗೇಟಿನ ಮ್ಯಾಲಿನ ಕೆಂಪಕ್ಷರದ ಬೋರ್ಡ್ ಯಾರರ ನೋಡೀರೇನು? ಬೂದಿ ಎಂಬತ್ತಾರು ತೋರಸಾಕತ್ತೈತಿ. ಕಾಯ್ದೆ ನೂರರ ತನ ಬಿಟ್ಟೈತಿ. ಆ ಮೀಟರಿಗೆ ಲೆಕ್ಕ ಕಲಿಸಿದಾಕಿ ಯಾರಂತ ತಿಳಿದೀರಿ? ನಮ್ಮ ಅಕ್ಕನ ಮಗಳು!' ಎಂದೆ. ಸುಳ್ಳೇನಿಲ್ಲವಲ್ಲ. ೨೦೧೯ರಲ್ಲಿ ನೀನು ಚಿಮಣಿ ಹತ್ತಿ ಹೊಗೆಯೊಳಗಿನ ಬೂದಿ ಅಳೆದ ಮೇಲೇ ಆ ಮೀಟರನ್ನು ಅದಕ್ಕೆ ಹೊಂದಿಸಿದ್ದು, ಬೋರ್ಡು ತೂಗುಹಾಕಿದ್ದು.

ಆದರೂ ಯಂಕಮ್ಮ ಒಪ್ಪಲಿಲ್ಲ. 'ನಿಮ್ಮ ಅಕ್ಕನ ಮಗಳ ಕಡಿಂದ ಬರಸ್ಕೊಂಡ್ ಬರ್ರಿ' ಎಂದಳು. ಬೋರ್ಡು ಹೇಳುವುದು ಸರಿ ಎಂದು ನಿಮ್ಮ ಲ್ಯಾಬಿನ ಕಾಗದದ ಮೇಲೆ ಎರಡೇ ಸಾಲು ಬರೆದು ಕಳಿಸು. ಇವರ ಬಾಯಿ ಮುಚ್ಚಿಸುತ್ತೇನೆ.

ನಿನ್ನ ಮಾಮಾ
ಹನುಮಂತ

•

ಮೆಹದಿಪಟ್ಟಣಂ, ಹೈದರಾಬಾದ್
೧೯ ಆಗಸ್ಟ್ ೨೦೨೫

ಮಾಮಾ,

ತಡವಾಯಿತು. ಬಾಲಾನಗರದ ನಮ್ಮ ಲ್ಯಾಬಿನಲ್ಲಿ ಈ ತಿಂಗಳು ಉಸಿರಾಡಲು ಪುರಸೊತ್ತಿಲ್ಲ. ಜೀಡಿಮೆಟ್ಲಾದ ಅರ್ಧ ಕಾರ್ಖಾನೆಗಳ ಬಾಯ್ಲರು ತಪಾಸಣೆಗೆ ಬಂದಿವೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿದರೆ ಮನೆಗೆ ಬರುವಾಗ ಅವ್ವ ಮುಖ ಊದಿಸಿಕೊಂಡು ಕೂತಿರುತ್ತಾಳೆ.

ಮಾಮಿಯನ್ನು ಇಲ್ಲಿಗೆ ಕಳಿಸಿಕೊಡಿ. ನಮ್ಮ ಮನೆಯಲ್ಲಿ ಎರಡು ತಿಂಗಳು ಇರಲಿ. ಇಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ತನಕ ಬೆಳಗಿನ ಹೊತ್ತು ಅಂಗಳ ಗುಡಿಸುವುದು ಬೇಡ, ಗುಡಿಸಲೇಬೇಕಾದರೆ ನೀರು ಚಿಮುಕಿಸಿ ಗುಡಿಸಲಿ. ಪಂಪನ್ನು ತಪ್ಪದೆ ತೆಗೆದುಕೊಳ್ಳಲಿ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ.

ಬೋರ್ಡಿನ ವಿಷಯ. ಅಂಥ ಮೀಟರುಗಳನ್ನು ಆಗಾಗ ಮತ್ತೆ ಹೊಂದಿಸಬೇಕಾಗುತ್ತದೆ. ಲ್ಯಾಬಿನ ಕಾಗದದ ಮೇಲೆ ಬರೆಯುವುದಕ್ಕೆ ಮಾಲೀಕ ಅಮರೇಶಪ್ಪನವರ ಒಪ್ಪಿಗೆ ಬೇಕು, ಅವರು ಊರಲ್ಲಿಲ್ಲ. ನೋಡೋಣ.

ಮಾಮಿಯನ್ನು ಮಾತ್ರ ಬೇಗ ಕಳಿಸಿ. ಇದನ್ನು ಸುಮ್ಮನೆ ಉಪಚಾರಕ್ಕೆ ಬರೆಯುತ್ತಿಲ್ಲ.

ಪ್ರಿಯಂವದಾ

•

ಹುಣಸಿದಿನ್ನಿ
೨೮ ಆಗಸ್ಟ್ ೨೦೨೫

ಪ್ರಿಯಾ,

ನಿನ್ನ ಕಾಗದ ಸರಿಯಾದ ಹೊತ್ತಿಗೆ ಬಂತು. ಗಣಪತಿ ಕೂರಿಸುವ ವಿಚಾರಕ್ಕೆ ಕಾಲೋನಿಯವರೆಲ್ಲ ಸೇರಿದ್ದರು. ಲಕೋಟೆಯನ್ನು ಎಲ್ಲರಿಗೂ ತೋರಿಸಿ, 'ನಮ್ಮ ಪ್ರಿಯಾ ಬರದಾಳ, ಬೋರ್ಡ್ ಬರೋಬರಿ ಐತಂತ' ಎಂದೆ. ನೀನು ಹಾಗೆಂದು ಬರೆದಿಲ್ಲ, ಗೊತ್ತು. ಆದರೆ ತಪ್ಪು ಎಂದೂ ಬರೆದಿಲ್ಲವಲ್ಲ! ತಪ್ಪಿದ್ದರೆ ನೀನು ಸುಮ್ಮನಿರುವ ಹುಡುಗಿಯೇ? ಯಂಕಮ್ಮ ಲಕೋಟೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಓದಲು ಬಾರದು. ಅರ್ಜಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು, ಅಲ್ಲಿಗೆ ಮುಗಿಯಿತು.

ಇನ್ನೊಂದು ಸುದ್ದಿ. ಹೊಸ ಕಾಯ್ದೆಯ ಪ್ರಕಾರ ನಮ್ಮ ಹಳೆಯ ಯೂನಿಟ್ಟಿಗೆ ಈ ಡಿಸೆಂಬರಿನೊಳಗೆ ಹೊಸ ಬೂದಿ ಹಿಡಿಯುವ ಯಂತ್ರ ಕೂರಿಸಬೇಕಿತ್ತು. ಕಂಪನಿಯವರು ಇನ್ನೂ ಮೂರು ವರ್ಷ ಸಮಯ ಕೇಳಿದ್ದಾರೆ. ಅಕ್ಟೋಬರ್ ಹದಿನಾಲ್ಕಕ್ಕೆ ಹೈದರಾಬಾದಿನಲ್ಲಿ ಮಂಡಳಿಯ ಮುಂದೆ ಸುನಾವಣೆ, ಅಂದರೆ ವಿಚಾರಣೆ, ಇದೆಯಂತೆ. ಮೀಟರಿನ ಆರು ವರ್ಷದ ಅಂಕಿಗಳನ್ನು ಮುಂದಿಡುತ್ತಾರಂತೆ, ಒಂದು ದಿನವೂ ನೂರು ದಾಟಿಲ್ಲ. ಅಳಿಯ ಸಾಯಿಕುಮಾರ ಅಲ್ಲೇ ಕಲ್ಲಿದ್ದಲು ಪುಡಿ ಮಾಡುವ ಮಿಲ್ಲಿನಲ್ಲಿ ಗುತ್ತಿಗೆಯ ಮೇಲಿದ್ದಾನಲ್ಲ, ಅವನೇ ಹೇಳಿದ್ದು. ಯೂನಿಟ್ ಓಡುತ್ತಿದ್ದರೆ ಅವನ ಕೆಲಸವೂ ಓಡುತ್ತದೆ. ಮಗಳು ಗಂಗಾ ಬಸುರಿ, ಈಗ ಆರು ತಿಂಗಳು.

ಅಂಬು ಹೈದರಾಬಾದಿಗೆ ಬರಲಾರಳಂತೆ. 'ಅಲ್ಲೇನು ಗಾಳಿ ಹಾಲಿನಾಗ ತೊಳದಿಟ್ಟಾರೇನು?' ಎನ್ನುತ್ತಾಳೆ. ಮಾತಿನಲ್ಲಿ ಅವಳನ್ನು ಗೆಲ್ಲುವವರು ಹುಟ್ಟಿಲ್ಲ.

ಹನುಮಂತ

•

ಮೆಹದಿಪಟ್ಟಣಂ
೬ ಸೆಪ್ಟೆಂಬರ್ ೨೦೨೫

ಮಾಮಾ,

ಈ ಕಾಗದವನ್ನು ಮೂರು ಸಲ ಹರಿದಿದ್ದೇನೆ. ನಿಮಗೆ ಕೇಳಿಸುತ್ತಿದ್ದರೆ ಫೋನಿನಲ್ಲಿ ಅತ್ತು ಮುಗಿಸಿಬಿಡುತ್ತಿದ್ದೆ. ಬರೆಯುವುದಕ್ಕೆ ಅದಕ್ಕಿಂತ ಹೆಚ್ಚು ಧೈರ್ಯ ಬೇಕು.

ಬೋರ್ಡು ತಪ್ಪು. ಆರು ವರ್ಷದಿಂದ ತಪ್ಪು. ಅದು ನನಗೆ ಮೊದಲ ದಿನದಿಂದ ಗೊತ್ತು.

೨೦೧೯ರ ಮಾರ್ಚ್ ನಾಲ್ಕು. ನಾನು ಚಿಮಣಿಯ ಮೇಲಿನ ಕಟಕಟೆಯಲ್ಲಿ ನಿಂತು ಅಳತೆಯ ಕೊಳವೆಯನ್ನು ಒಳಗೆ ಬಿಟ್ಟಾಗ ಹೊಗೆ ನುಗ್ಗುವ ವೇಗ ಇರಬೇಕಾದ್ದರ ಅರ್ಧಕ್ಕೂ ಸ್ವಲ್ಪ ಮೇಲಿತ್ತು, ಅಷ್ಟೇ. ಬಾಯ್ಲರು ಪೂರ್ತಿ ಉರಿಯುತ್ತಿಲ್ಲ ಎಂದು ಆಗಲೇ ತಿಳಿಯಿತು. ಕೆಳಗಿಳಿದು ಬಂದರೆ ಕಂಟ್ರೋಲ್ ರೂಮಿನ ಚೀಟಿಯಲ್ಲಿ 'ಲೋಡ್ ೧೨೦ ಮೆಗಾವ್ಯಾಟ್, ಪೂರ್ತಿ' ಎಂದಿತ್ತು. ಕೆಳಗೆ ನಿಮ್ಮ ಸಹಿ. ಶಿಫ್ಟ್ ಇನ್‌ಚಾರ್ಜ್, ಹನುಮಂತ.

ನಾನು ಆ ಚೀಟಿಯನ್ನು ಹಾಗೇ ರಿಪೋರ್ಟಿಗೆ ಇಳಿಸಿದೆ. ಬೂದಿ ಎಂಬತ್ತನಾಲ್ಕು ಎಂದು ಬರೆದೆ. ಅದು ನಿಜವೇ, ಆದರೆ ಇಳಿಸಿದ ಉರಿಯ ಬೂದಿ. ಮೀಟರಿನವರು ತಮ್ಮ ಗುರುತನ್ನು, ಅಂದರೆ ಮೀಟರಿನ ಮುಳ್ಳು ನಿಂತ ಜಾಗವನ್ನು, ಬೆಳಿಗ್ಗೆಯೇ, ಪೂರ್ತಿ ಉರಿಯಲ್ಲಿದ್ದಾಗ, ತೆಗೆದುಕೊಂಡಿದ್ದರು. ಆ ಗುರುತಿಗೆ ನನ್ನ ಎಂಬತ್ತನಾಲ್ಕನ್ನು ಹೊಂದಿಸಿದರು. ಅಂದಿನಿಂದ ಆ ಮೀಟರು ತಪ್ಪು ಕಲ್ಲಿಟ್ಟ ತಕ್ಕಡಿಯ ಹಾಗೆ, ಎಷ್ಟೇ ಬೂದಿ ಹೋದರೂ ಕಡಿಮೆಯೇ ತೋರಿಸುತ್ತಿದೆ. ನಿಜವಾದ ಅಂಕಿ ಎರಡು ಪಟ್ಟಿಗಿಂತ ಹೆಚ್ಚಿರಬಹುದು.

ಆಗ ಯಾಕೆ ಸುಮ್ಮನಿದ್ದೆ ಎಂದರೆ, ನಿಮಗಾಗಿ. ಮ್ಯಾನೇಜರು ಲೋಡ್ ಇಳಿಸೆಂದು ಹೇಳಿರುತ್ತಾರೆ, ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ ಇಲ್ಲ ಎನ್ನಲಾಗದೆ ಮಾಡಿದ್ದಾರೆ ಎಂದುಕೊಂಡೆ. ಹೇಳಿದರೆ ನಿಮ್ಮ ಹೆಸರೇ ಮೊದಲು ಕೆಡುತ್ತಿತ್ತು. ನಾನು ನಿಮ್ಮನ್ನು ತಪ್ಪಿತಸ್ಥರೆಂದು ಯಾವತ್ತೂ ಎಣಿಸಿಲ್ಲ. ಸಂಬಳದವರ ಕಷ್ಟ ನನಗೂ ಗೊತ್ತು.

ಈಗ ಮಾಮಿಯ ಕೆಮ್ಮು, ನೀವು ನನ್ನ ಲಕೋಟೆ ತೋರಿಸಿ ನಿಲ್ಲಿಸಿದ ಅರ್ಜಿ. ಇನ್ನು ತಡೆದುಕೊಳ್ಳಲಾರೆ. ಸುನಾವಣೆಗೆ ಮೊದಲು ಮಂಡಳಿಗೆ ಬರೆದು ನನ್ನ ರಿಪೋರ್ಟನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಉಪಕಾರ ಮಾಡಿ. ಲೋಡ್ ಇಳಿಸೆಂದು ಅಂದು ಹೇಳಿದವರು ಯಾರೆಂದು ನನಗೆ ಬರೆಯಿರಿ. ಅವರ ಹೆಸರನ್ನೇ ಬರೆಯುತ್ತೇನೆ, ನಿಮ್ಮದನ್ನಲ್ಲ.

ಪ್ರಿಯಂವದಾ

•

ಹುಣಸಿದಿನ್ನಿ
೨೭ ಸೆಪ್ಟೆಂಬರ್ ೨೦೨೫

ಪ್ರಿಯಾ,

ಯಾರೂ ಹೇಳಲಿಲ್ಲ. ನಾನೇ ಇಳಿಸಿದೆ.

ಇಷ್ಟನ್ನು ಬರೆದು ಎರಡು ವಾರ ಬಿಟ್ಟಿದ್ದೆ. ಇಂದು ಉಳಿದದ್ದನ್ನು ಬರೆಯುತ್ತೇನೆ.

ಅಂದು ಶಿವರಾತ್ರಿ. ಆಗ ನನ್ನ ಬಲಗಿವಿ ಇನ್ನೂ ಇತ್ತು. ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. 'ಹುಡುಗಿ ಹಟ ಹಿಡದು ನೀರೂ ಕುಡೀದಂಗ ಉಪಾಸ ಐತಿ, ಮ್ಯಾಲೆ ಹತ್ತಿ ಕೆಲಸ ಮಾಡ್ತೀನಿ ಅಂತೈತಿ. ನಿನ್ನ ಕಡೆ ಬಂದೈತಪಾ, ನೋಡ್ಕೋ' ಎಂದಳು. ಅರವತ್ತು ಮೀಟರು ಎತ್ತರದ ಕಬ್ಬಿಣದ ಏಣಿ. ಆ ಕಟಕಟೆಯ ಮೇಲೆ ಪೂರ್ತಿ ಲೋಡಿನಲ್ಲಿ ನಿಂತವರನ್ನು ನಾನು ನೋಡಿದ್ದೇನೆ. ಮುಚ್ಚಳ ತೆರೆದರೆ ಬಿಸಿ ಹೊಗೆ ಮುಖಕ್ಕೇ ಹೊಡೆಯುತ್ತದೆ. ಗಟ್ಟಿ ಗಂಡಸರೇ ತಲೆ ತಿರುಗಿ ಕೂತಿದ್ದಾರೆ.

ನೀನು ಏಣಿಗೆ ಕೈ ಹಚ್ಚಿದ್ದನ್ನು ಕಿಟಕಿಯಿಂದ ಕಂಡೆ. ಕಂಟ್ರೋಲ್ ರೂಮಿಗೆ ಹೋಗಿ, ಒಂದು ಮಿಲ್ಲು ಜಾಮ್ ಆಗಿದೆ ಎಂದು ಹೇಳಿ ಲೋಡನ್ನು ಎಪ್ಪತ್ತಕ್ಕೆ ಇಳಿಸಿದೆ. ನೀನು ಕೆಳಗಿಳಿಯುವ ತನಕ ಹಾಗೇ ಇಟ್ಟೆ. ಚೀಟಿಯಲ್ಲಿ ಎಪ್ಪತ್ತು ಎಂದು ಬರೆದರೆ ಅಳತೆ ನಡೆಯುವುದಿಲ್ಲ, ಮರುದಿನ ಮತ್ತೆ ಹತ್ತಿಸುತ್ತಾರೆ. ಅದಕ್ಕೇ ನೂರಿಪ್ಪತ್ತು ಎಂದು ಬರೆದೆ. ಮೀಟರಿನ ಲೆಕ್ಕ ಅದಕ್ಕೆ ಅಂಟಿಕೊಂಡಿದೆ ಎಂದು ನನಗೆ ಹೊಳೆಯಲೇ ಇಲ್ಲ. ಸಂಜೆ ನಮ್ಮ ಮನೆಯಲ್ಲಿ ನೀನು ನಗುತ್ತ ಖರ್ಜೂರ ತಿಂದೆ, ನನಗೆ ಅಷ್ಟೇ ಸಾಕಾಗಿತ್ತು. ಏನೋ ಒಳ್ಳೆಯದು ಮಾಡಿದೆ ಎಂಬ ಸಮಾಧಾನದಲ್ಲಿ ಮಲಗಿದೆ.

ನೀನು ನನ್ನನ್ನು ಆರು ವರ್ಷ ಹೆದರುಪುಕ್ಕಲ ಎಂದುಕೊಂಡು ಕಾಪಾಡಿದೆಯಲ್ಲ, ಅದನ್ನು ಓದಿ ನಗು ಬರಬೇಕಿತ್ತು. ಬರಲಿಲ್ಲ.

ನಿನ್ನ ಕಾಗದ ಅಂಬುವಿನ ಕೈಗೆ ಸಿಕ್ಕಿತು. ನಾನು ಇಡೀ ಕತೆ ಹೇಳಿದೆ. ಕೇಳಿ ಬಹಳ ಹೊತ್ತು ಗೋಧಿ ಆರಿಸುತ್ತಿದ್ದಳು. ಆಮೇಲೆ ನನಗೆ ಕೇಳಿಸಲಿ ಎಂದು ಮುಖದ ಹತ್ತಿರ ಬಂದು ಕೂಗಿದಳು: 'ಒಂದ್ ಹುಡುಗಿ ಉಪಾಸ ಐತಂತ ಇಡೀ ಊರಿಗೆ ಬೂದಿ ಉಣಿಸಿದ್ರಿ!' ಕೂಗಿದ್ದಕ್ಕೆ ಕೆಮ್ಮು ಹತ್ತಿತು. ಅವಳ ಕೆಮ್ಮು ನನಗೆ ಕೇಳಿಸುವುದಿಲ್ಲ ಪ್ರಿಯಾ. ಭುಜ ಅಲುಗುವುದು ಮಾತ್ರ ಕಾಣುತ್ತದೆ. ಅಕ್ಕಪಕ್ಕದವರು ಜೋರಾಗಿದೆ ಎಂದು ಹೇಳಿದಾಗಲೂ ನಾನು ಬೋರ್ಡನ್ನೇ ನಂಬಿದೆ.

ನೀನು ಬರೆಯಲೇಬೇಕು, ಅದು ಸರಿ. ಆದರೆ ಕೇಳಲು ನಾಚಿಕೆಯಾದರೂ ಕೇಳುತ್ತಿದ್ದೇನೆ. ನನ್ನ ಹೆಸರು ಬಿಟ್ಟು ಬರೆಯಲು ಆಗುತ್ತದೆಯೇ? ನಿಮ್ಮ ಯಂತ್ರದಲ್ಲೇ ಏನೋ ದೋಷವಿತ್ತು ಎಂದು? ಯೂನಿಟ್ ನಿಂತರೆ ಗುತ್ತಿಗೆಯವರನ್ನು ಮೊದಲು ಕಳಿಸುತ್ತಾರೆ. ಮಾವನೇ ನಿಲ್ಲಿಸಿದ ಎಂದಾದರೆ ಸಾಯಿಕುಮಾರನನ್ನು ಮತ್ತೆ ಗೇಟಿನೊಳಗೆ ಬಿಡುವುದಿಲ್ಲ. ಗಂಗಾಗೆ ಏಳು ತುಂಬಿದೆ.

ಹನುಮಂತ

•

ಮೆಹದಿಪಟ್ಟಣಂ
೩ ಅಕ್ಟೋಬರ್ ೨೦೨೫

ಮಾಮಾ,

ನಿಮ್ಮ ಕಾಗದವನ್ನು ಅವ್ವನಿಗೂ ಓದಿ ಹೇಳಿದೆ. ಅವಳು ತಾನು ಫೋನು ಮಾಡಿದ್ದನ್ನೇ ಮರೆತಿದ್ದಳು. ನೆನಪಾದ ಮೇಲೆ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ನಿನ್ನೆ ದಸರೆಗೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬನ್ನಿ ಕೊಡಲಿಲ್ಲ.

ಆರು ವರ್ಷ ನಿಮ್ಮನ್ನು ಮನಸ್ಸಿನಲ್ಲೇ ಸಣ್ಣವರನ್ನಾಗಿ ಮಾಡಿಕೊಂಡು, ಅದನ್ನು ಕ್ಷಮೆ ಎಂದು ಕರೆದುಕೊಂಡು ತಿರುಗಿದೆ. ಒಂದು ಮಾತು ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ಮರುದಿನ ಮತ್ತೆ ಹತ್ತುತ್ತಿದ್ದೆ, ಅಷ್ಟೇ ತಾನೆ? ನಿಮಗಾಗಿ ಸುಮ್ಮನಿದ್ದೆ ಎಂದು ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅದು ನಾನು ಒಬ್ಬಳೇ ಸಹಿ ಹಾಕಿದ ಮೊದಲ ರಿಪೋರ್ಟು. ಅದು ಕೆಡುವುದು ನನಗೂ ಬೇಕಿರಲಿಲ್ಲ.

ಅಮರೇಶಪ್ಪನವರಿಗೆ ಎಲ್ಲ ಹೇಳಿದೆ. 'ಆರು ವರ್ಷದ ರಿಪೋರ್ಟ್ ಯಾರ್ ತೆಗದು ನೋಡ್ತಾರ್ರೀ ಮೇಡಂ, ಸುಮ್ನ ಮೈಮ್ಯಾಲ್ ಯಾಕ್ ಎಳಕೋತೀರಿ' ಎಂದರು. ಆಮೇಲೆ ನನ್ನ ಮುಖ ನೋಡಿ, ಮಾಡುವುದಿದ್ದರೆ ಬೇಗ ಮಾಡಿ ಎಂದರು.

ನೀವು ಕೇಳಿದ್ದಕ್ಕೆ ಉತ್ತರ. ನಿಮ್ಮ ಹೆಸರು ಬಿಟ್ಟು ಬರೆಯಬಹುದು, ನನ್ನ ಮೇಲೆ ಹಾಕಿಕೊಳ್ಳುವುದಕ್ಕೆ ನನಗೆ ಅಡ್ಡಿಯಿಲ್ಲ. ಆದರೆ ಅದರಿಂದ ಕೆಲಸವಾಗುವುದಿಲ್ಲ. ಕಂಪನಿಯವರು ನಿಮ್ಮ ಸಹಿಯ ಚೀಟಿ ಮುಂದಿಟ್ಟು ಲೋಡ್ ಪೂರ್ತಿ ಇತ್ತು ಎನ್ನುತ್ತಾರೆ. ಲ್ಯಾಬಿನವಳು ಏನೋ ಎಡವಟ್ಟು ಮಾಡಿಕೊಂಡಳೆಂದು, ಮೀಟರನ್ನು ಮುಂದೆ ಯಾವಾಗಲಾದರೂ ನೋಡೋಣವೆಂದು, ಮೂರು ವರ್ಷದ ಸಮಯ ಸಿಕ್ಕಿಬಿಡುತ್ತದೆ. ಚೀಟಿ ಸುಳ್ಳು ಎಂದು ಅದನ್ನು ಬರೆದವರೇ ಹೇಳಿದರೆ ಮಾತ್ರ ಪೂರ್ತಿ ಲೋಡಿನಲ್ಲಿ ಮತ್ತೆ ಅಳೆಯಿಸುತ್ತಾರೆ.

ನನ್ನ ಪತ್ರವನ್ನು ಒಂಬತ್ತನೇ ತಾರೀಕು ಮಂಡಳಿಯ ಆಫೀಸಿಗೆ ಕೊಡುತ್ತೇನೆ. ಹೇಳಿಕೆ ಕೊಡಲು ಕೊನೆಯ ದಿನ ಹತ್ತು. ಗಂಗಾಳ ಮುಖ ಕಣ್ಣ ಮುಂದೆ ಬರುತ್ತದೆ, ಹಾಗಾಗಿ ಬನ್ನಿ ಎನ್ನಲು ಬಾಯಿ ಬರುವುದಿಲ್ಲ. ಬರಬೇಡಿ ಎನ್ನಲೂ ಆಗುವುದಿಲ್ಲ.

ಪ್ರಿಯಾ

•

ಹುಣಸಿದಿನ್ನಿ
೨೬ ಅಕ್ಟೋಬರ್ ೨೦೨೫

ಪ್ರಿಯಾ,

ಹತ್ತನೇ ತಾರೀಕು ನಾನು ಹೈದರಾಬಾದಿಗೆ ಬಂದು ಹೋದದ್ದು ನಿನಗೆ ಆಫೀಸಿನವರಿಂದ ಗೊತ್ತಾಗಿರುತ್ತದೆ. ಹೇಳಿಕೆ ಬರೆದು ಸಹಿ ಹಾಕಿ ಕೊಟ್ಟೆ. ಅಲ್ಲಿನ ಅಧಿಕಾರಿಣಿ ಕೇಳಿದ ಪ್ರಶ್ನೆ ನನಗೆ ಕೇಳಿಸಲಿಲ್ಲ, ಹಾಳೆಯ ಮೇಲೆ ಬರೆದು ತೋರಿಸಿದರು: 'ಯಾರ ಒತ್ತಡದಿಂದ?' ಅದರ ಕೆಳಗೆ 'ಯಾರದೂ ಇಲ್ಲ' ಎಂದು ಬರೆದೆ. ಹೋಗುವಾಗಲೂ ಬರುವಾಗಲೂ ಮೆಹದಿಪಟ್ಟಣಂನಲ್ಲೇ ಬಸ್ಸು ಬದಲಿಸಿದೆ. ನಿಮ್ಮ ಮನೆ ನಡೆದರೆ ಹತ್ತು ನಿಮಿಷ. ಬರಲಿಲ್ಲ. ಅಕ್ಕನಿಗೆ ಹೇಳಬೇಡ.

ಅದರ ಮುಂದಿನ ಭಾನುವಾರ ಕಾಲೋನಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಪ್ರಿಯಾ ಹಾಗೆ ಬರೆದಿರಲಿಲ್ಲ, ನಾನೇ ಸುಳ್ಳು ಹೇಳಿದೆ ಎಂದೆ. ಶಿವರಾತ್ರಿಯದನ್ನೂ ಹೇಳಿದೆ. ಅವರು ಏನೇನು ಅಂದರೋ ನನಗೆ ತಿಳಿಯದು. ಈ ಕಿವುಡುತನ ಅಂದೊಂದು ದಿನ ಉಪಕಾರ ಮಾಡಿತು, ಅದಕ್ಕೂ ನಾಚಿಕೆಯಾಯಿತು.

ಸುನಾವಣೆಯಲ್ಲಿ ಮತ್ತೆ ಅಳೆಯಿಸಬೇಕೆಂದು ಹೇಳಿದರಂತೆ, ಹದಿನೇಳಕ್ಕೆ ಬೇರೆ ಲ್ಯಾಬಿನವರು ಬಂದರು. ಹೇಳಿಕೆ ಕೊಟ್ಟವನೆಂದು ನನ್ನನ್ನೂ ಕಂಟ್ರೋಲ್ ರೂಮಿನಲ್ಲಿ ಕೂರಿಸಿದ್ದರು. ಕಮಲಾಕ್ಷಿ ಎಂಬ ಹುಡುಗಿ ಹತ್ತಿದಳು, ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ಲೋಡ್ ನೂರಿಪ್ಪತ್ತರಿಂದ ಕದಲಲಿಲ್ಲ. ಮೂರು ತಾಸು ಲೋಡಿನ ಮೀಟರನ್ನೇ ನೋಡುತ್ತ ಕೂತೆ. ಅವಳು ಇಳಿದು ಬಂದಾಗ ಎರಡೂ ಕೈ ಕೆಂಪಾಗಿದ್ದವು, ನೀರಿನ ಲೋಟ ಹಿಡಿಯಲು ಬರಲಿಲ್ಲ. ನಾನೇ ಹಿಡಿದು ಕುಡಿಸಿದೆ.

ಬೋರ್ಡು ಎಂಬತ್ತೇಳು ಎನ್ನುತ್ತಿದ್ದ ಹೊತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಇನ್ನೂರಾ ಎಂಟು. ಇಪ್ಪತ್ತೆರಡಕ್ಕೆ ಯೂನಿಟ್ ನಿಂತಿತು. ಹೊಸ ಯಂತ್ರ ಕೂರಿಸುವ ತನಕ ಉರಿ ಹಚ್ಚುವಂತಿಲ್ಲ. ಸಾಯಿಕುಮಾರ ಕೆಲಸ ಹುಡುಕಿಕೊಂಡು ಪಟಾನ್‌ಚೆರುವಿಗೆ ಹೋಗಿದ್ದಾನೆ. ಗಂಗಾ ಹೆರಿಗೆಗೆ ನಮ್ಮ ಮನೆಗೆ ಬರುವುದಿಲ್ಲವಂತೆ, ಅತ್ತೆಯ ಮನೆಯಲ್ಲೇ ಇರುತ್ತಾಳಂತೆ. ಅಂಬು ಅದಕ್ಕೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಪುಪ್ಪುಸದಲ್ಲಿ ಕೂತದ್ದು ಇನ್ನು ಹೋಗುವುದಿಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನೆ ಯಂಕಮ್ಮ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ. ಪ್ಲಾಂಟ್ ನಿಂತು ಅವಳ ಬಜ್ಜಿ ಗಾಡಿಗೂ ಗಿರಾಕಿಯಿಲ್ಲ. ಆದರೆ ಅವಳು ಬಂದದ್ದು ಅದಕ್ಕಲ್ಲ. ಅವಳ ಗಂಡ ದ್ಯಾವಪ್ಪ ೨೦೨೩ರ ಜನವರಿಯಲ್ಲಿ ಎದೆಯ ರೋಗದಿಂದ ತೀರಿಕೊಂಡಿದ್ದ. ನಾನೇ ಹೆಗಲು ಕೊಟ್ಟಿದ್ದೆ. ಬೀಡಿ ಸೇದಿ ಸೇದಿ ಸತ್ತ ಎಂದು ಅಲ್ಲಿ ಯಾರಿಗೋ ಹೇಳಿಯೂ ಇದ್ದೆ. ಅಂಬು ಅವಳ ಮಾತನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದಳು: 'ನನ್ನ ಗಂಡ ತೀರಿಹ್ವಾದ ತಿಂಗಳು ಬೋರ್ಡ್ ಎಷ್ಟ್ ತೋರಸ್ತಿತ್ತು, ಖರೆ ಎಷ್ಟಿತ್ತು?'

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಅವಳು ಬಾಗಿಲಲ್ಲೇ ನಿಂತಿದ್ದಳು, ಕೂಡು ಎಂದರೂ ಕೂಡಲಿಲ್ಲ. ೨೦೨೩ರ ಜನವರಿಯ ಲೆಕ್ಕ ಮಾಡಿ ಕಳಿಸು. ನಾನು ಹೋಗಿ ಹೇಳಬೇಕು.

ಹನುಮಂತ

•

ಮೆಹದಿಪಟ್ಟಣಂ
೩ ನವೆಂಬರ್ ೨೦೨೫

ಮಾಮಾ,

ಲೆಕ್ಕ ಮಾಡಿದ್ದೇನೆ. ಅಮರೇಶಪ್ಪನವರು ನನ್ನ ಸಹಿಯ ಅಧಿಕಾರ ತೆಗೆದುಹಾಕಿದ್ದಾರೆ, ಈಗ ಗಾಜಿನ ಪಾತ್ರೆ ತೊಳೆದಿಡುವುದು ನನ್ನ ಕೆಲಸ, ಹಾಗಾಗಿ ಸಮಯ ಬೇಕಾದಷ್ಟಿತ್ತು. ಆ ತಿಂಗಳ ಮೂವತ್ತೊಂದು ದಿನದ ಅಂಕಿಯನ್ನೂ ಒಂದೊಂದಾಗಿ ತೆಗೆದು ನೋಡಿದೆ. ಬೋರ್ಡು ತೋರಿಸಿದ್ದು ಸರಾಸರಿ ಎಂಬತ್ತೊಂದು. ನಿಜವಾಗಿ ಇದ್ದದ್ದು ನೂರಾ ತೊಂಬತ್ತನಾಲ್ಕರ ಆಸುಪಾಸು. ದ್ಯಾವಪ್ಪ ಅದರಿಂದಲೇ ಹೋದರೋ ಇಲ್ಲವೋ ಎಂದು ನನಗೆ ಹೇಳಲು ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಅದನ್ನೂ ಅವರಿಗೆ ಹೇಳಬೇಕು, ತಪ್ಪಿಸಿಕೊಳ್ಳುವುದಕ್ಕೆ ಹೇಳಿದಂತೆ ಕೇಳಿಸದ ಹಾಗೆ.

ಆದರೆ ನೀವೊಬ್ಬರೇ ಹೋಗಬೇಡಿ. ಅವರು ತಿರುಗಿ ಏನಾದರೂ ಕೇಳಿದರೆ ನಿಮಗೆ ಕೇಳಿಸುವುದಿಲ್ಲ, ಉತ್ತರವಿಲ್ಲದೆ ಅವರು ಮತ್ತೆ ಬಾಗಿಲಲ್ಲಿ ನಿಂತಿರಬೇಕಾಗುತ್ತದೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವ್ವನೂ ಬರುತ್ತೇನೆ ಎನ್ನುತ್ತಿದ್ದಾಳೆ. ಯಂಕಮ್ಮನವರಿಗೆ ಇಷ್ಟು ಮಾತ್ರ ತಿಳಿಸಿ: ಅಳೆದವಳು ಬರುತ್ತಿದ್ದಾಳೆ, ಮನೆಯಲ್ಲಿರಿ.

ಪ್ರಿಯಾ